ಡೆಬಿಟ್ ಕಾರ್ಡಿನಿಂದ ಸಾಲದ ಕಂತು: ಸಾಲ ಕೊಟ್ಟವರು ಪಾಲಿಸಬೇಕಾದ ನಿಯಮಗಳು



ಹಿಂದೆ ಬಟವಾಡೆಯ ದಿನ ಸಂಘದ ಮುಂದೆ ಸಾಲಾಗಿ ನಿಂತು ಹಾಲಿನ ಹಣವನ್ನು ಕೈಯಲ್ಲೇ ಪಡೆಯುತ್ತಿದ್ದೆವು. ಸಾಲದ ಕಂತನ್ನೂ ಕೈಯಿಂದಲೇ ಕಟ್ಟಿ ರಸೀದಿ ತರುತ್ತಿದ್ದೆವು. ಇಂದು ಹಾಲಿನ ಹಣವೂ ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಬ್ಯಾಂಕು ಖಾತೆಗೆ ಜಮಾ ಆಗುತ್ತವೆ. ಹಸು ಕೊಳ್ಳಲು, ಕೊಟ್ಟಿಗೆ ಕಟ್ಟಲು, ಹಾಲು ಕರೆಯುವ ಯಂತ್ರ ತರಲು ಮಾಡಿದ ಸಾಲದ ಕಂತೂ ಅದೇ ಖಾತೆಯಿಂದ ಹೋಗುತ್ತದೆ. ಹಣ ಬರುವ ಬಾಗಿಲೂ ಹೋಗುವ ಬಾಗಿಲೂ ಒಂದೇ ಆಗಿರುವಾಗ ಆ ಬಾಗಿಲಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು.

ಸಾಲ ಕೊಟ್ಟವರು ಡೆಬಿಟ್ ಕಾರ್ಡಿನ ಮೂಲಕ ಕಂತು ಪಡೆಯುವಾಗ ಪಾಲಿಸಬೇಕಾದ ನಿಯಮಗಳು ಯಾವುವು, ಅವುಗಳಿಂದ ನಮಗೆ ದೊರೆಯುವ ರಕ್ಷಣೆ ಏನು, ನಮ್ಮ ಕಡೆಯಿಂದ ಇರಬೇಕಾದ ಎಚ್ಚರ ಏನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಒಂದು ಉದಾಹರಣೆ

ಒಬ್ಬ ಸದಸ್ಯೆ ಎರಡನೇ ಮಿಶ್ರತಳಿ ಹಸು ಕೊಳ್ಳಲು ಒಂದು ಹಣಕಾಸು ಸಂಸ್ಥೆಯಿಂದ ಸಾಲ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು 4,150 ರೂಪಾಯಿ. ಪ್ರತಿ ತಿಂಗಳ 5ನೇ ತಾರೀಖು ಅದು ಖಾತೆಯಿಂದ ತಾನಾಗಿಯೇ ಕಡಿತವಾಗಬೇಕು. ಅವರ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಹಿಂದಿನ ತಿಂಗಳ ಎರಡನೇ ಪಾಳಿಯ ಹಣ ಖಾತೆಗೆ ಬರುವುದು 7 ಅಥವಾ 8ನೇ ತಾರೀಖಿಗೆ. 5ರಂದು ಖಾತೆಯಲ್ಲಿದ್ದದ್ದು 2,300 ರೂಪಾಯಿ ಮಾತ್ರ. ಕಂತು ವಾಪಸಾಯಿತು.

ಪಾಸ್‌ಬುಕ್ ಹಿಡಿದು ಅವರು ಸಂಘಕ್ಕೆ ಬಂದರು. "ಸೆಕ್ರೆಟ್ರಿಯವರೇ, ನಾನು ಒಂದು ದಿನವೂ ಹಾಲು ಹಾಕುವುದು ತಪ್ಪಿಸಿಲ್ಲ. ಹಣ ಎಲ್ಲಿ ಹೋಯಿತು ನೋಡಿ" ಎಂದರು. ಕಾರ್ಯದರ್ಶಿ ಪಾಸ್‌ಬುಕ್ ನೋಡಿ, "ಅಕ್ಕಾ, ಕಂತಿಗೆ ಹಣ ಇರಲಿಲ್ಲವೆಂದು ಬ್ಯಾಂಕು 300 ರೂಪಾಯಿ ಹಾಕಿದೆ. ಸಾಲ ಕೊಟ್ಟವರು 500 ರೂಪಾಯಿ ಬೇರೆ ಹಾಕಿರಬೇಕು. ನಿಮ್ಮ ತಪ್ಪೇನೂ ಇಲ್ಲ, ತಾರೀಖಿನದ್ದೇ ತಪ್ಪು" ಎಂದರು.

ಲೆಕ್ಕ ಹಾಕಿ ನೋಡಿ. 800 ರೂಪಾಯಿ ಎಂದರೆ ಲೀಟರಿಗೆ 35 ರೂಪಾಯಿಯಂತೆ ಸುಮಾರು 23 ಲೀಟರ್ ಹಾಲು. ಹಸು ಕೊಟ್ಟದ್ದನ್ನು ಎರಡು ದಿನದ ತಾರೀಖಿನ ವ್ಯತ್ಯಾಸ ಕುಡಿದುಬಿಟ್ಟಿತು. ಸಾಲ ತೀರುವವರೆಗೆ ಪ್ರತಿ ತಿಂಗಳೂ ಹೀಗೆಯೇ ಆದರೆ ನಷ್ಟ ಎಷ್ಟೆಂದು ನೀವೇ ಊಹಿಸಬಹುದು. ಇದಕ್ಕೆ ಪರಿಹಾರವಿದೆ. ಅದನ್ನು ತಿಳಿಯಲು ಮೊದಲು ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಬೇಕು.

ಕಾರ್ಡಿನ ಮೂಲಕ ಕಂತು ಹೋಗುವ ನಾಲ್ಕು ದಾರಿಗಳು

"ಕಾರ್ಡಿನಿಂದ ಕಟ್ಟಿದೆ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ನಾಲ್ಕು ಬಗೆಗಳಿವೆ. ಪ್ರತಿಯೊಂದಕ್ಕೂ ನಿಯಮ ಬೇರೆ.

1. ಯಂತ್ರಕ್ಕೆ ಕಾರ್ಡು ಹಾಕುವುದು. ಸಾಲ ಕೊಟ್ಟ ಸಂಸ್ಥೆಯ ಶಾಖೆಯಲ್ಲಿ ಅಥವಾ ಮನೆ ಬಾಗಿಲಿಗೆ ಬಂದ ವಸೂಲಿಗಾರರ ಸ್ವೈಪ್ ಯಂತ್ರದಲ್ಲಿ ಕಾರ್ಡು ಹಾಕಿ ಪಿನ್ ಒತ್ತುತ್ತೇವೆ. ಇಲ್ಲಿ ಮೂರು ಸಂಗತಿ ಗಮನಿಸಬೇಕು.

ಮೊದಲನೆಯದು, ಹೆಚ್ಚುವರಿ ಹಣ. "ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ ಜಾಸ್ತಿ" ಎಂದು ಕೆಲವರು ಕೇಳುವುದುಂಟು. ಡೆಬಿಟ್ ಕಾರ್ಡಿನ ಹಣ ಪಡೆಯುವವರು ತಮ್ಮ ಬ್ಯಾಂಕಿಗೆ ಕೊಡಬೇಕಾದ ಶುಲ್ಕವನ್ನು ಗ್ರಾಹಕರ ಮೇಲೆ ಹೊರಿಸದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2017ರ ಡಿಸೆಂಬರ್‌ನಲ್ಲಿ ಸೂಚಿಸಿದೆ. ರುಪೇ ಡೆಬಿಟ್ ಕಾರ್ಡಿಗೆ ಮತ್ತು ಯುಪಿಐ ಪಾವತಿಗೆ 2020ರ ಜನವರಿ 1ರಿಂದ ಆ ಶುಲ್ಕವನ್ನೇ ತೆಗೆದುಹಾಕಲಾಗಿದೆ. ನಮ್ಮ ಸದಸ್ಯರಲ್ಲಿ ಬಹಳ ಮಂದಿಯ ಬಳಿ ಇರುವುದು ರುಪೇ ಕಾರ್ಡೇ. ಆದ್ದರಿಂದ ಕಂತು 4,150 ಇದ್ದರೆ ಯಂತ್ರದಲ್ಲಿ ಒತ್ತುವ ಮೊತ್ತವೂ 4,150 ಆಗಿರಬೇಕು.

ಎರಡನೆಯದು, ಹಣ ಸೇರುವ ಖಾತೆ. ಯಂತ್ರದಿಂದ ಬರುವ ಚೀಟಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಇದೆಯೇ ನೋಡಿ. ಯಾವುದೋ ಅಂಗಡಿಯ ಹೆಸರಿದ್ದರೆ ವಿಚಾರಿಸಿ. ಯಂತ್ರದ ಚೀಟಿಯ ಜೊತೆಗೆ ಸಾಲದ ಖಾತೆಯ ಸಂಖ್ಯೆ ಬರೆದ ರಸೀದಿಯನ್ನೂ ಕೇಳಿ ಪಡೆಯಿರಿ. ಯಂತ್ರದ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ; ರಸೀದಿ ಉಳಿಯುತ್ತದೆ.

ಮೂರನೆಯದು, ಖಾತೆಯಿಂದ ಹಣ ಹೋಗಿಯೂ ಯಂತ್ರ "ಆಗಲಿಲ್ಲ" ಎಂದು ತೋರಿಸಿದರೆ ಏನು ಮಾಡಬೇಕು? ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಆ ಹಣ ವ್ಯವಹಾರದ ದಿನದಿಂದ ಐದು ದಿನದೊಳಗೆ ತಾನಾಗಿಯೇ ಖಾತೆಗೆ ಮರಳಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಗಾಬರಿಯಿಂದ ಅದೇ ಕಂತನ್ನು ಎರಡನೇ ಸಲ ಕಟ್ಟುವ ಮೊದಲು ಪಾಸ್‌ಬುಕ್ ನಮೂದು ಮಾಡಿಸಿ ನೋಡಿ.

2. ಮೊಬೈಲಿನಲ್ಲಿ ಕಾರ್ಡಿನ ವಿವರ ಕೊಟ್ಟು ಕಟ್ಟುವುದು. ಸಂಸ್ಥೆಯ ಆ್ಯಪ್‌ನಲ್ಲಿ ಕಾರ್ಡಿನ ಸಂಖ್ಯೆ ಹಾಕಿದಾಗ ಮೊಬೈಲಿಗೆ ಓಟಿಪಿ ಬರುತ್ತದೆ. ಅದನ್ನು ನಮೂದಿಸಿದರೆ ಹಣ ಹೋಗುತ್ತದೆ. 2022ರ ಅಕ್ಟೋಬರ್ 1ರಿಂದ ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲದ ಸಂಸ್ಥೆಗಳನ್ನು ಬಿಟ್ಟು ಬೇರೆ ಯಾರೂ ನಿಮ್ಮ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಾಲ ಕೊಟ್ಟ ಸಂಸ್ಥೆಗೂ ಅದರ ಏಜೆಂಟರಿಗೂ ಇದು ಅನ್ವಯಿಸುತ್ತದೆ. ಕಾರ್ಡಿನ ಎರಡೂ ಬದಿಯ ಫೋಟೋ ಕಳುಹಿಸಿ ಎಂದು ಯಾರಾದರೂ ಕೇಳಿದರೆ ಕಳುಹಿಸಬೇಡಿ.

ಆ್ಯಪ್ ಮೂಲಕ ಪಡೆಯುವ ಸಾಲಗಳಿಗೆ ಇನ್ನೊಂದು ಮುಖ್ಯ ನಿಯಮವಿದೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಇದನ್ನು ತಂದು 2025ರ ಮೇ ತಿಂಗಳಲ್ಲಿ ಪರಿಷ್ಕರಿಸಿ ಮುಂದುವರಿಸಿತು. ಅದರಂತೆ ಸಾಲದ ಕಂತು ಸಾಲಗಾರನ ಖಾತೆಯಿಂದ ನೇರವಾಗಿ ಸಾಲ ಕೊಟ್ಟ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಖಾತೆಗೇ ಹೋಗಬೇಕು. ನಡುವಿನ ಏಜೆಂಟರ ಖಾತೆಯ ಮೂಲಕ ಹಾಯುವಂತಿಲ್ಲ. ಏಜೆಂಟರ ಸಂಬಳ, ದಳ್ಳಾಳಿಯನ್ನು ಸಾಲ ಕೊಟ್ಟ ಸಂಸ್ಥೆಯೇ ಭರಿಸಬೇಕು. ಸಾಲಗಾರನಿಂದ ವಸೂಲು ಮಾಡುವಂತಿಲ್ಲ. "ನನ್ನ ನಂಬರಿಗೇ ಹಾಕಿಬಿಡಿ, ನಾನು ಕಟ್ಟುತ್ತೇನೆ" ಎಂಬ ಮಾತು ಕೇಳಿದರೆ ಅಲ್ಲಿಗೇ ನಿಲ್ಲಿ.

3. ಕಾರ್ಡಿನ ಮೇಲೆ ಕಾಯಂ ಒಪ್ಪಿಗೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳೂ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ಪದ್ಧತಿ ಇದು. ಇದರ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದವು. ಅವು ಹೀಗಿವೆ:

ಅ) ಒಪ್ಪಿಗೆ ನೋಂದಾಯಿಸುವಾಗ ಓಟಿಪಿಯಂತಹ ಹೆಚ್ಚುವರಿ ದೃಢೀಕರಣ ಕಡ್ಡಾಯ.
ಆ) ಪ್ರತಿ ಸಲ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ನಿಮ್ಮ ಬ್ಯಾಂಕು ನಿಮಗೆ ಸಂದೇಶ ಕಳುಹಿಸಬೇಕು. ಯಾರಿಗೆ, ಎಷ್ಟು, ಯಾವಾಗ, ಯಾವ ಕಾರಣಕ್ಕೆ ಎಂಬುದು ಅದರಲ್ಲಿರಬೇಕು.
ಇ) ಆ ಸಂದೇಶ ನೋಡಿ ಆ ಒಂದು ಕಡಿತವನ್ನಾಗಲಿ, ಇಡೀ ಒಪ್ಪಿಗೆಯನ್ನಾಗಲಿ ಬೇಡವೆನ್ನಲು ನಿಮಗೆ ಅವಕಾಶ ಇರಬೇಕು.
ಈ) ಕಡಿತದ ನಂತರವೂ ಸಂದೇಶ ಬರಬೇಕು.
ಉ) ಈ ಸೌಲಭ್ಯಕ್ಕಾಗಿ ಕಾರ್ಡುದಾರರಿಂದ ಶುಲ್ಕ ಪಡೆಯುವಂತಿಲ್ಲ.
ಊ) ಓಟಿಪಿ ಇಲ್ಲದೆ ತಾನಾಗಿ ಕಡಿತವಾಗುವ ಮೊತ್ತದ ಮಿತಿಯನ್ನು 2022ರ ಜೂನ್‌ನಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಲಾಯಿತು. ಸಾಲದ ಕಂತು ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಸಲವೂ ನಿಮ್ಮ ದೃಢೀಕರಣ ಬೇಕು.

ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಈ ಸಂದೇಶಗಳು ನಿಮಗೆ ತಲುಪುವುದಿಲ್ಲ. ಪಟ್ಟಣದಲ್ಲಿರುವ ಮಗನ ಸಂಖ್ಯೆ ಕೊಟ್ಟಿದ್ದರೆ ಎಚ್ಚರಿಕೆ ಅವನಿಗೆ ಹೋಗುತ್ತದೆ, ಕಡಿತ ಮಾತ್ರ ನಿಮ್ಮ ಖಾತೆಯಲ್ಲಿ ಆಗುತ್ತದೆ. ಆದ್ದರಿಂದ ಬ್ಯಾಂಕಿನಲ್ಲಿ ನಿಮ್ಮ ಕೈಯಲ್ಲಿರುವ ಸಂಖ್ಯೆಯನ್ನೇ ನೋಂದಾಯಿಸಿ.

4. ಖಾತೆಯ ಮೇಲೆ ಮ್ಯಾಂಡೇಟ್. ಸಾಲ ಕೊಡುವಾಗ ಸಂಸ್ಥೆಯವರು ಡೆಬಿಟ್ ಕಾರ್ಡಿನ ವಿವರ, ಓಟಿಪಿ ಹಾಕಿಸಿಕೊಂಡು "ಆಟೋ ಡೆಬಿಟ್ ಆಯಿತು" ಎನ್ನುತ್ತಾರೆ. ಬಹಳ ಸಲ ಅದು ಕಾರ್ಡಿನ ಮೇಲಿನ ಒಪ್ಪಿಗೆ ಆಗಿರುವುದಿಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ನಡೆಸುವ ನ್ಯಾಚ್ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಖಾತೆಯ ಮೇಲೆಯೇ ಕೊಟ್ಟ ಅಧಿಕಾರ ಪತ್ರ ಆಗಿರುತ್ತದೆ. ಕಾರ್ಡು ಇಲ್ಲಿ ಗುರುತಿಗಾಗಿ ಮಾತ್ರ. ಆದ್ದರಿಂದ ಕಾರ್ಡನ್ನು ಬಂದ್ ಮಾಡಿಸಿದರೂ ಖಾತೆಯಿಂದ ಕಡಿತ ನಿಲ್ಲುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಮೋಸ ಹೋದೆವೆಂದು ಭಾವಿಸುವವರು ಇದ್ದಾರೆ.

ಮ್ಯಾಂಡೇಟ್‌ಗೆ ಒಪ್ಪುವ ಮೊದಲು ನಾಲ್ಕು ಅಂಶ ಓದಿಸಿ ಕೇಳಿ: ಗರಿಷ್ಠ ಮೊತ್ತ ಎಷ್ಟು, ಕಡಿತದ ತಾರೀಖು ಯಾವುದು, ಯಾವ ದಿನದವರೆಗೆ ಜಾರಿಯಲ್ಲಿರುತ್ತದೆ, ಅದರ ಉಲ್ಲೇಖ ಸಂಖ್ಯೆ ಏನು. ಕಂತು 4,150 ಇರುವಾಗ ಗರಿಷ್ಠ ಮೊತ್ತ 20,000 ಎಂದು ಬರೆದಿದ್ದರೆ ಏಕೆಂದು ಪ್ರಶ್ನಿಸಿ.

ಮ್ಯಾಂಡೇಟ್ ರದ್ದು ಮಾಡಲು ನಿಮ್ಮ ಬ್ಯಾಂಕಿಗೇ ಅರ್ಜಿ ಕೊಡಬಹುದು; ಸ್ವೀಕೃತಿ ಪಡೆಯಿರಿ. ರದ್ದಾದ ಮೇಲೂ ಹಣ ಕಡಿತವಾದರೆ ಅದರ ಹೊಣೆ ನಿಮ್ಮ ಬ್ಯಾಂಕಿನದೇ ಎಂದು 2019ರ ಸುತ್ತೋಲೆ ಹೇಳುತ್ತದೆ. ಮರುದಿನದೊಳಗೆ ಅದನ್ನು ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದರೆ ಒಂದು ಮಾತು ಮರೆಯಬಾರದು. ಮ್ಯಾಂಡೇಟ್ ರದ್ದಾದರೆ ಸಾಲ ರದ್ದಾಗುವುದಿಲ್ಲ. ಕಂತನ್ನು ಬೇರೆ ದಾರಿಯಲ್ಲಿ ಸಕಾಲಕ್ಕೆ ಕಟ್ಟಲೇಬೇಕು.

ಕಂತು ವಾಪಸಾದರೆ

ಖಾತೆಯಲ್ಲಿ ಹಣ ಸಾಲದೆ ಕಂತು ವಾಪಸಾದರೆ ಎರಡು ಕಡೆ ಶುಲ್ಕ ಬೀಳುತ್ತದೆ: ನಿಮ್ಮ ಬ್ಯಾಂಕಿನದು ಒಂದು, ಸಾಲ ಕೊಟ್ಟವರದು ಇನ್ನೊಂದು. ಸಾಲ ಕೊಟ್ಟವರು ಅದೇ ಕಂತನ್ನು ಮತ್ತೆ ಕಳುಹಿಸಿ ಅದೂ ವಾಪಸಾದರೆ ಶುಲ್ಕ ಇನ್ನೊಮ್ಮೆ ಬೀಳಬಹುದು. ಆದ್ದರಿಂದ ಹಣ ಕಡಿಮೆ ಇದೆಯೆಂದು ಮೊದಲೇ ಗೊತ್ತಾದರೆ ಸಂಸ್ಥೆಗೆ ತಿಳಿಸಿ, ಮುಂದೆ ಯಾವ ದಿನ ಕಳುಹಿಸುತ್ತೀರಿ ಎಂದು ಕೇಳಿಕೊಳ್ಳಿ.

ದಂಡದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಸ್ಪಷ್ಟ ನಿಯಮ ಮಾಡಿತು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯವಾಯಿತು. ಕಂತು ತಪ್ಪಿದ್ದಕ್ಕೆ ದಂಡ ಹಾಕಬಹುದು, ಆದರೆ ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ. ದಂಡದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ. ಕಿರುಸಾಲಗಳಲ್ಲಿ ದಂಡವನ್ನು ಸುಸ್ತಿಯಾದ ಮೊತ್ತದ ಮೇಲೆ ಮಾತ್ರ ಹಾಕಬೇಕು, ಇಡೀ ಸಾಲದ ಮೇಲೆ ಅಲ್ಲ.

2024ರ ಅಕ್ಟೋಬರ್ 1ರಿಂದ ಸಾಲ ಕೊಡುವ ಮೊದಲು ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ ಅದರಲ್ಲಿರುತ್ತದೆ. ಆ ಪತ್ರದಲ್ಲಿ ಹೇಳದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆ ಹಾಕುವಂತಿಲ್ಲ. ಕನ್ನಡದಲ್ಲೇ ಕೊಡಿ ಎಂದು ಕೇಳಲು ಸಂಕೋಚ ಬೇಡ.

ಕಂತು ವಾಪಸಾದರೆ ಜೈಲು ಎಂದು ಹೆದರಿಸುವವರಿದ್ದಾರೆ. ನಿಜ ಸಂಗತಿ ಏನು? 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆವಾಸ ಅಥವಾ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಆದರೆ ಒಮ್ಮೆ ವಾಪಸಾದ ಮಾತ್ರಕ್ಕೆ ಅದು ಅನ್ವಯಿಸುವುದಿಲ್ಲ. ವಾಪಸಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಸಾಲ ಕೊಟ್ಟವರು ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನದೊಳಗೆ ಹಣ ಕಟ್ಟಿದರೆ ಪ್ರಕರಣಕ್ಕೆ ಆಸ್ಪದವಿಲ್ಲ. ಆದ್ದರಿಂದ ಅಂಚೆಯಲ್ಲಿ ಬಂದ ನೋಟೀಸನ್ನು ತೆಗೆದುಕೊಳ್ಳದೆ ಹಿಂದಿರುಗಿಸಬೇಡಿ. ತೆರೆದು ಓದಿಸಿ, 15 ದಿನದ ಲೆಕ್ಕ ಇಟ್ಟುಕೊಳ್ಳಿ.

ಕಾರ್ಡು, ಪಿನ್ ಅಡವಿಡಬೇಡಿ

ಕೆಲವು ಊರುಗಳಲ್ಲಿ ಕೈಸಾಲ ಕೊಡುವವರು ಸಾಲಗಾರರ ಎಟಿಎಂ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಬಟವಾಡೆ ಜಮಾ ಆದ ದಿನ ಅವರೇ ಹಣ ತೆಗೆದು, ಉಳಿದದ್ದನ್ನು ಕೈಗೆ ಕೊಡುತ್ತಾರೆ. ಇದು ಯಾವ ನಿಯಮದ ಪ್ರಕಾರವೂ ಕಂತು ಪಡೆಯುವ ಕ್ರಮವಲ್ಲ. ಎಷ್ಟು ತೆಗೆದರು, ಅಸಲಿಗೆ ಎಷ್ಟು ಹೋಯಿತು, ಬಡ್ಡಿಗೆ ಎಷ್ಟು ಎಂಬುದಕ್ಕೆ ಚೀಟಿಯೂ ಇರುವುದಿಲ್ಲ. ಸಾಲ ತೀರಿತೆಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ನೀವಾಗಿಯೇ ಪಿನ್ ಹೇಳಿಕೊಟ್ಟಿದ್ದರೆ ಹಣ ಹೋದಾಗ ಬ್ಯಾಂಕು ನಷ್ಟ ತುಂಬಿಕೊಡುವುದು ಕಷ್ಟ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ ಆಗುತ್ತದೆ. ತಟ್ಟಿದರೆ ಸಾಕಾಗುವ ಹೊಸ ಬಗೆಯ ಕಾರ್ಡಿನಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೂ ಹಣ ಕಡಿತವಾಗಬಹುದು. ಆದ್ದರಿಂದ ಪಿನ್ ಹೇಳದೆ ಬರೀ ಕಾರ್ಡು ಕೊಟ್ಟರೂ ಅಪಾಯವೇ. ಈ ಸೌಲಭ್ಯ ಬೇಡವಾದರೆ ಬ್ಯಾಂಕಿನಲ್ಲಿ ಹೇಳಿ ನಿಲ್ಲಿಸಬಹುದು.

ಈಗಾಗಲೇ ಕಾರ್ಡು ಬೇರೆಯವರ ಕೈಯಲ್ಲಿದ್ದರೆ ಜಗಳವಾಡುವ ಅಗತ್ಯವಿಲ್ಲ. ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಆ ಕಾರ್ಡನ್ನು ಬಂದ್ ಮಾಡಿಸಿ, ಹೊಸದಕ್ಕೆ ಅರ್ಜಿ ಕೊಡಿ. ಸಾಲವನ್ನು ರಸೀದಿ ಪಡೆದು ಕಟ್ಟಿ. ಸಾಲಗಾರರನ್ನು ಬೆದರಿಸಿ, ಪೀಡಿಸಿ ವಸೂಲು ಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ನಂತರ ಕಾನೂನು ಮಾಡಿದೆ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ.

ಬಟವಾಡೆಗೆ ಹೊಂದುವ ತಾರೀಖು

ಮೊದಲು ಹೇಳಿದ ಉದಾಹರಣೆಗೆ ಬರೋಣ. ಆ ಸದಸ್ಯೆ ಮಾಡಬೇಕಾದದ್ದು ಇಷ್ಟೇ. ಕಳೆದ ಆರು ತಿಂಗಳ ಪಾಸ್‌ಬುಕ್ ನೋಡಿ ಬಟವಾಡೆಯ ಹಣ ಖಾತೆಗೆ ಬಂದ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಅತಿ ತಡವಾಗಿ ಬಂದ ತಾರೀಖು 8 ಎಂದಾದರೆ, ರಜೆ ದಿನಗಳಿಗೆ ಎರಡು ದಿನ ಬಿಟ್ಟು, ಕಂತಿನ ತಾರೀಖನ್ನು 10ಕ್ಕೆ ಮಾಡಿಕೊಡಿ ಎಂದು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ಅರ್ಜಿ ಕೊಡಬೇಕು. ಸಾಲ ಪಡೆಯುವ ಮೊದಲೇ ಇದನ್ನು ಕೇಳುವುದು ಇನ್ನೂ ಸುಲಭ. ಒಪ್ಪಂದ ಆದ ಮೇಲೆ ಬದಲಾವಣೆ ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. ಅವರು ಒಪ್ಪದಿದ್ದರೆ ತಿಂಗಳ ಮೊದಲ ಪಾಳಿಯ ಹಣ ಬಂದಾಗಲೇ ಕಂತಿನ ಅರ್ಧವನ್ನು ಖಾತೆಯಲ್ಲಿ ಮುಟ್ಟದೆ ಉಳಿಸಬೇಕು.

ಹಸು ಬತ್ತಿಸುವ ಎರಡು ತಿಂಗಳ ಲೆಕ್ಕವೂ ಇರಲಿ. ಹಾಲು ನಿಂತರೂ ಕಂತು ನಿಲ್ಲುವುದಿಲ್ಲ. ಕರು ಹಾಕುವ ತಿಂಗಳು ನಮಗೆ ಗೊತ್ತಿರುತ್ತದೆ. ಅದಕ್ಕೆ ಎರಡು ತಿಂಗಳು ಹಿಂದಿನಿಂದ ಹಾಲಿಲ್ಲವೆಂದು ಲೆಕ್ಕ ಹಾಕಿ ಎರಡು ಕಂತಿನ ಹಣವನ್ನು ಹಾಲು ಹೆಚ್ಚಿರುವ ತಿಂಗಳುಗಳಲ್ಲೇ ಕೂಡಿಡಬೇಕು.

ಸಂಘದ ಬಟವಾಡೆಯಲ್ಲೇ ಸಾಲದ ಕಡಿತಕ್ಕೆ ಒಪ್ಪಿಗೆ ಪತ್ರ ಕೊಟ್ಟವರು ಅದೇ ಸಾಲಕ್ಕೆ ಖಾತೆಯ ಮೇಲೆ ಮ್ಯಾಂಡೇಟ್ ಸಹ ಕೊಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಒಂದೇ ಕಂತು ಎರಡು ಕಡೆ ಕಡಿತವಾಗುವ ಸಂಭವವಿದೆ.

ಸಾಲ ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ಮ್ಯಾಂಡೇಟ್ ರದ್ದಾಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ದೂರು ಎಲ್ಲಿ ಕೊಡಬೇಕು

ಒಪ್ಪಿಗೆಯಿಲ್ಲದೆ ಹಣ ಕಡಿತವಾಗಿದ್ದರೆ ಮೊದಲು ನಿಮ್ಮ ಬ್ಯಾಂಕಿಗೆ ತಿಳಿಸಿ. ತಡಮಾಡಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹೋದ ಹಣವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲವೆಂದಿತು. ಮೋಸದ ಕರೆಯಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಶುಲ್ಕ, ದಂಡ, ಎರಡು ಸಲ ಕಡಿತ ಮುಂತಾದ ತಕರಾರಿಗೆ ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ. ಸಹಕಾರ ಸಂಘದ ಸಾಲದ ತಕರಾರಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯನ್ನು ಸಂಪರ್ಕಿಸಬೇಕು.

ನೆನಪಿಡಬೇಕಾದ ಅಂಶಗಳು

1. ಕಂತಿನ ಹಣ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು, ಏಜೆಂಟರ ಖಾತೆಗಲ್ಲ.
2. ಡೆಬಿಟ್ ಕಾರ್ಡಿನಿಂದ ಕಟ್ಟಿದ್ದಕ್ಕೆ ಹೆಚ್ಚುವರಿ ಹಣ ಕೊಡಬೇಕಿಲ್ಲ.
3. ಕಾರ್ಡಿನ ಮೇಲಿನ ಕಾಯಂ ಒಪ್ಪಿಗೆಯಲ್ಲಿ 24 ಗಂಟೆ ಮೊದಲು ಸಂದೇಶ ಬರಬೇಕು.
4. ಕಾರ್ಡು ಬಂದ್ ಆದರೂ ಖಾತೆಯ ಮೇಲಿನ ಮ್ಯಾಂಡೇಟ್ ನಿಲ್ಲುವುದಿಲ್ಲ. ಅದನ್ನು ಬೇರೆಯಾಗಿ ರದ್ದು ಮಾಡಿಸಬೇಕು.
5. ದಂಡದ ಮೇಲೆ ಬಡ್ಡಿ ಇಲ್ಲ.
6. ಕಾರ್ಡು, ಪಿನ್, ಓಟಿಪಿ ಯಾರಿಗೂ ಕೊಡಬಾರದು.
7. ಕಂತಿನ ತಾರೀಖು ಬಟವಾಡೆಯ ನಂತರ ಇರಲಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದ ಬಟವಾಡೆ ಸಾಮಾನ್ಯವಾಗಿ ಯಾವ ತಾರೀಖಿಗೆ ಖಾತೆ ಸೇರುತ್ತದೆ? ನಮ್ಮಲ್ಲಿ ಎಷ್ಟು ಮಂದಿಯ ಕಂತು ಅದಕ್ಕೆ ಮೊದಲೇ ಇದೆ?
2. ನಿಮ್ಮ ಕಂತು ಹೋಗುತ್ತಿರುವುದು ನಾಲ್ಕರಲ್ಲಿ ಯಾವ ದಾರಿಯಲ್ಲಿ?
3. ನಿಮ್ಮ ಖಾತೆಗೆ ನೋಂದಾಯಿಸಿದ ಮೊಬೈಲ್ ಈಗ ಯಾರ ಕೈಯಲ್ಲಿದೆ?

ಓದಲು ಬಾರದ ಸದಸ್ಯರಿಗೆ ಈ ಪಾಠವನ್ನು ಸಂಜೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಗಳು ಓದಿ ಹೇಳಬೇಕೆಂದು ಕೋರಿಕೆ. ಪ್ರತಿ ಸಲ ಪಶು ಆಹಾರದ ಚೀಲದ ತೂಕ ನೋಡಿಯೇ ಒಯ್ಯುವ ನಾವು, ತಿಂಗಳಿಗೊಮ್ಮೆ ಪಾಸ್‌ಬುಕ್ ಸಹ ನಮೂದು ಮಾಡಿಸಿ ನೋಡುವ ರೂಢಿ ಮಾಡಿಕೊಳ್ಳೋಣ. ಕಷ್ಟಪಟ್ಟು ಕರೆದ ಹಾಲಿನ ಹಣ ನಮ್ಮ ಲೆಕ್ಕದಂತೆಯೇ ಖರ್ಚಾಗಲಿ.